ಏಳನೇ ತರಗತಿಯ ಪೋಷಕರಿಗೆ: ಅಂಗಡಿ ಮಾಡೆಲ್ ಯಾಕೆ ಬೇಡ ಅಂದೆವು

ಪ್ರೀತಿಯ ಪೋಷಕರೇ,

ನಮಸ್ಕಾರ. ಕಳೆದ ಶನಿವಾರ ಸಮಾಜ ವಿಜ್ಞಾನದ ಪ್ರಾಜೆಕ್ಟ್ ವಿಷಯದಲ್ಲಿ ಏನಾಯಿತು ಅಂತ ನಿಮಗೆಲ್ಲ ಗೊತ್ತಿದೆ. ಅಂಗಡಿಯಲ್ಲಿ ಮಾಡಿಸಿ ತಂದ ಮಾಡೆಲ್‌ಗಳನ್ನು ನಾವು ತೆಗೆದುಕೊಳ್ಳಲಿಲ್ಲ. ಕೆಲವು ಮಕ್ಕಳು ಅಳುತ್ತಾ ಮನೆಗೆ ಬಂದರು. ಅವತ್ತು ಸಂಜೆಯಿಂದ ನಿಮ್ಮಲ್ಲಿ ಹಲವರು ಫೋನ್ ಮಾಡಿದ್ದೀರಿ, ಮೂವರು ಆಫೀಸಿಗೇ ಬಂದು ಮಾತಾಡಿದ್ದೀರಿ. ಒಬ್ಬೊಬ್ಬರಿಗೆ ಒಂದೊಂದು ಉತ್ತರ ಕೊಡುವ ಬದಲು ಎಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ.

ಮೊದಲು ನಮ್ಮ ತಪ್ಪನ್ನು ಹೇಳಿಬಿಡುತ್ತೇನೆ. ಮಾಡೆಲ್ ವಾಪಸ್ ಕೊಟ್ಟಿದ್ದು ಇಡೀ ತರಗತಿಯ ಎದುರಿಗೆ. ಹಾಗೆ ಮಾಡಬಾರದಿತ್ತು. ಡೈರಿಯಲ್ಲಿ ಹೊಸ ನಿಯಮ ಬರೆಸಿದ್ದು ಗುರುವಾರ. ಅಷ್ಟರಲ್ಲಿ ಎಷ್ಟೋ ಮನೆಗಳಲ್ಲಿ ದುಡ್ಡು ಖರ್ಚಾಗಿ ಹೋಗಿತ್ತು. ಇದಕ್ಕೆ ನಾನೇ ಹೊಣೆ, ಕ್ಲಾಸ್ ಟೀಚರ್ ಅಲ್ಲ. ದಯವಿಟ್ಟು ಕ್ಷಮಿಸಿ. ಆ ಮಕ್ಕಳನ್ನು ಸೋಮವಾರ ನನ್ನ ಕೋಣೆಗೆ ಕರೆದು, ಪಕ್ಕದಲ್ಲಿ ಕೂರಿಸಿಕೊಂಡು ಮಾತಾಡಿದ್ದೇನೆ.

ನಿಯಮ ಮಾತ್ರ ಹಾಗೇ ಇರುತ್ತದೆ. ಯಾಕೆ ಅಂತ ಹೇಳುವುದಕ್ಕೆ ಸ್ವಲ್ಪ ಜಾಸ್ತಿ ಜಾಗ ಬೇಕು, ತಾಳ್ಮೆಯಿಂದ ಓದಿ.

ಈ ಸಲದ ವಿಷಯ ಮಧ್ಯಯುಗದ ಜನಜೀವನ. ಆ ಕಾಲದ ಕುಶಲಕರ್ಮಿಗಳು, ವೈದ್ಯರು, ದೇಶ ಸುತ್ತಿದವರು. ಮೂರು ಮಕ್ಕಳು ಒಂದೇ ಥರದ ಥರ್ಮಾಕೋಲ್ ಆನೆ ತಂದಿದ್ದರು. ಮೇಲೆ ಅಂಬಾರಿ, ಅಂಬಾರಿಯ ಮೇಲೆ ಹಕ್ಕಿ. ಬಣ್ಣ ಬಹಳ ಚೆನ್ನಾಗಿತ್ತು. "ಇದು ಗಡಿಯಾರ ಅಲ್ವಾ, ಹೇಗೆ ನಡೆಯುತ್ತೆ?" ಅಂತ ಟೀಚರ್ ಕೇಳಿದರು. ಮೂವರೂ ಸುಮ್ಮನೆ ನಿಂತರು. ಆನೆಯ ಹೊಟ್ಟೆಯೊಳಗೆ ಏನೋ ಇರಬೇಕು ಅನ್ನುವುದೇ ಅವರಿಗೆ ಗೊತ್ತಿರಲಿಲ್ಲ. ಅದು ಮಕ್ಕಳ ತಪ್ಪಲ್ಲ. ಮಾಡಿದವರು ಬೇರೆ, ಹೊತ್ತು ತಂದವರು ಇವರು.

ಆ ಆನೆ ಗಡಿಯಾರವನ್ನು ಯೋಚಿಸಿ ಕಟ್ಟಿದವರು ಅಲ್-ಜಜರಿ. ಇವತ್ತಿನ ಟರ್ಕಿಯ ದಿಯಾರ್‌ಬಕಿರ್ ಊರಿನಲ್ಲಿ, ಅರ್ತುಕಿ ದೊರೆಗಳ ಆಸ್ಥಾನದಲ್ಲಿ ಇದ್ದ ಕುಶಲಕರ್ಮಿ. ತಾವು ಮಾಡಿದ ಯಂತ್ರಗಳ ಬಗ್ಗೆ 1206ರಲ್ಲಿ ಪುಸ್ತಕ ಬರೆದು ಮುಗಿಸಿದರು. ಯಾವ ಭಾಗ ಎಷ್ಟು ದೊಡ್ಡದು, ಯಾವುದನ್ನು ಯಾವುದಕ್ಕೆ ಹೇಗೆ ಜೋಡಿಸಬೇಕು ಅಂತ ಇನ್ನೊಬ್ಬ ಕೆಲಸಗಾರ ಓದಿ ಮಾಡುವ ಹಾಗೆ ಬರೆದಿದ್ದಾರೆ. ಕೈಯಲ್ಲಿ ಮಾಡಿ ನೋಡದೆ ಬರೀ ಹೇಳುವ ವಿದ್ಯೆಯನ್ನು ಅವರು ನಂಬುತ್ತಿರಲಿಲ್ಲ.

ಆನೆಯ ಹೊಟ್ಟೆಯಲ್ಲಿ ನೀರಿನ ತೊಟ್ಟಿ. ನೀರಿನ ಮೇಲೆ ತಳದಲ್ಲಿ ಸಣ್ಣ ತೂತಿರುವ ಬಟ್ಟಲು. ಅರ್ಧ ಗಂಟೆಗೆ ಬಟ್ಟಲು ತುಂಬಿ ಮುಳುಗುತ್ತದೆ. ಮುಳುಗುವಾಗ ದಾರ ಎಳೆಯುತ್ತದೆ, ಮೇಲಿನಿಂದ ಗುಂಡು ಉರುಳಿ ಹಾವಿನ ಬಾಯಿಗೆ ಬೀಳುತ್ತದೆ. ಗುಂಡಿನ ಭಾರಕ್ಕೆ ಹಾವು ಬಾಗಿ ಬಟ್ಟಲನ್ನು ಮತ್ತೆ ಮೇಲೆತ್ತುತ್ತದೆ. ಮಾವುತ ಬಡಿಯುತ್ತಾನೆ. ಹೊರಗಿನ ಆನೆ ಅಲಂಕಾರ. ಗಡಿಯಾರ ಇರುವುದು ಆ ತೂತಿನಲ್ಲಿ.

ಅಂಥ ತೂತಿನ ಬಟ್ಟಲು ನಮಗೆ ಹೊಸದಲ್ಲ, ನಮ್ಮ ಹಳೇ ಗಳಿಗೆ ಬಟ್ಟಲೂ ಹಾಗೇ. 24 ನಿಮಿಷಕ್ಕೆ ಒಂದು ಸಲ ಮುಳುಗಿದರೆ ಒಂದು ಗಳಿಗೆ, ದಿನಕ್ಕೆ 60 ಗಳಿಗೆ. ಮದುವೆ ಮುಹೂರ್ತವನ್ನೂ ಹಿಂದೆ ಇದನ್ನೇ ನೀರಿಗೆ ಬಿಟ್ಟು ನೋಡುತ್ತಿದ್ದರು.

ಇದನ್ನು ನಮ್ಮ ಒಬ್ಬ ಹುಡುಗಿ ತೆಂಗಿನ ಚಿಪ್ಪಿನಲ್ಲಿ ಮಾಡಿದಳು. ಮೊದಲು ಚಿಪ್ಪಿನ ಕಣ್ಣನ್ನೇ ತೂತು ಮಾಡಿ ಬಕೆಟ್ಟಿಗೆ ಬಿಟ್ಟಳು. ಅರ್ಧ ನಿಮಿಷಕ್ಕೆ ಗುಳುಂ ಅಂತ ಮುಳುಗಿತು. ಮೇಣದ ಬತ್ತಿ ಕರಗಿಸಿ ಆ ಕಣ್ಣು ಮುಚ್ಚಿ ಸೂಜಿಯಲ್ಲಿ ಚುಚ್ಚಿದಳು. ಒಂಬತ್ತು ನಿಮಿಷ. ಮತ್ತೆ ಮೇಣ, ಇನ್ನೂ ಸಣ್ಣ ಸೂಜಿ. ನಡುವೆ ತೂತಿಗೆ ಕಸ ಸಿಕ್ಕಿ ನೀರೇ ಒಳಗೆ ಬರಲಿಲ್ಲ. ಆಗ ಬಟ್ಟೆಯಲ್ಲಿ ನೀರು ಸೋಸಿಕೊಂಡಳು. ಆರನೇ ಸಲಕ್ಕೆ 21 ನಿಮಿಷ. ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಆರೂ ಸಲದ ಲೆಕ್ಕ ಇದೆ, ಪುಟದ ತುಂಬ ಮೇಣದ ಕಲೆ. ನನ್ನ ಹತ್ತಿರ ಬಂದು ಕೇಳಿದಳು: "ಮಿಸ್, ನಮ್ಮಜ್ಜಿ 'ಒಂದ್ ಗಳಿಗೆ ಕೂತ್ಕೋ' ಅಂದ್ರೆ 24 ನಿಮಿಷ ಕೂತ್ಕೋಬೇಕಾ?" ಇಪ್ಪತ್ತಾರು ವರ್ಷ ಪಾಠ ಮಾಡಿದ್ದೇನೆ. ಇಂಥ ಪ್ರಶ್ನೆ ಕೇಳಿಸಿಕೊಂಡ ದಿನ ಮನೆಗೆ ಹೋಗುವಾಗ ಕಾಲು ನೆಲದ ಮೇಲೆ ಇರುವುದಿಲ್ಲ.

ಆ ಚಿಪ್ಪು ನೋಡುವುದಕ್ಕೆ ಚೆನ್ನಾಗಿಲ್ಲ. ನಾರು ಹಾಗೇ ಇದೆ. ನಮಗೆ ಅಷ್ಟೇ ಸಾಕು.

ಇನ್ನು ನಿಮ್ಮ ಆತಂಕಗಳು. ಮಾರ್ಕ್ಸ್ ಕಡಿಮೆ ಆಗುತ್ತಾ ಅಂತ ಎಲ್ಲರೂ ಕೇಳಿದ್ದೀರಿ. ಆಗುವುದಿಲ್ಲ. ವಾಪಸ್ ಕಳಿಸಿದ ಮಾಡೆಲ್‌ಗೆ ಒಂದು ಅಂಕವೂ ಕಳೆದಿಲ್ಲ. ಆ ಮಕ್ಕಳು ಶಾಲೆಯಲ್ಲೇ ಇನ್ನೊಂದು ಮಾಡುತ್ತಾರೆ, ಅದಕ್ಕೇ ಅಂಕ. ಕೈ ಚಳಕ ಕಡಿಮೆ ಇರುವ ಮಗುವಿಗೂ ನಷ್ಟವಿಲ್ಲ, ಏನು ಮಾಡಿದೆ, ಎಲ್ಲಿ ಕೆಟ್ಟಿತು ಅಂತ ಹೇಳಿದರೆ ಪೂರ್ತಿ ಅಂಕ. ಮತ್ತೊಮ್ಮೆ ಹೇಳುತ್ತೇನೆ, ಯಾರ ಅಂಕವೂ ಹೋಗಿಲ್ಲ, ಹೋಗುವುದೂ ಇಲ್ಲ.

"ಇಬ್ಬರೂ ಕೆಲಸಕ್ಕೆ ಹೋಗ್ತೀವಿ, ರಾತ್ರಿ ಕೂತು ಮಾಡಿಸೋಕೆ ಆಗಲ್ಲ" ಅಂತ ಒಬ್ಬ ತಾಯಿ ಹೇಳಿದರು. ಅವರ ಮಾತು ನಿಜ. ನಾನೂ ಇಬ್ಬರು ಮಕ್ಕಳನ್ನು ಹಾಗೇ ಬೆಳೆಸಿದವಳು. ಅದಕ್ಕೇ ಇನ್ನು ಮುಂದೆ ಪ್ರಾಜೆಕ್ಟ್ ಮನೆಗೆ ಬರುವುದೇ ಇಲ್ಲ. ಬುಧವಾರ ಕೊನೆಯ ಎರಡು ಪೀರಿಯಡ್ ಇದಕ್ಕೇ ಇಟ್ಟಿದ್ದೇವೆ. ಚಾಕು, ಮೊಳೆ, ಬೆಂಕಿಯ ಕೆಲಸವಿದ್ದರೆ ಟೀಚರ್ ಪಕ್ಕದಲ್ಲೇ ಇರುತ್ತಾರೆ. ಪಾಠ ಹಿಂದೆ ಬೀಳದ ಹಾಗೆ ನೋಡಿಕೊಳ್ಳುವುದು ನಮ್ಮ ಜವಾಬ್ದಾರಿ.

ಪ್ರದರ್ಶನದ ದಿನ ಬೇರೆ ಶಾಲೆಗಳ ಮುಂದೆ ನಮ್ಮದು ಸಪ್ಪೆ ಕಾಣುತ್ತೆ ಅಂತಲೂ ಒಬ್ಬರು ಬೇಜಾರು ಮಾಡಿಕೊಂಡರು. ಕಾಣಬಹುದು. ಆದರೆ ನಮ್ಮ ಮಕ್ಕಳ ಎದುರು ನಿಂತು ಒಂದು ಪ್ರಶ್ನೆ ಕೇಳಿ ನೋಡಿ.

ನಮ್ಮವರನ್ನು ಬಿಟ್ಟು ಹೊರಗಿನವರ ಬಗ್ಗೆ ಯಾಕೆ ಅಂತಲೂ ಕೇಳಿದ್ದೀರಿ. ಬಿಟ್ಟಿಲ್ಲ. 12ನೇ ಶತಮಾನದಲ್ಲಿ ಚಾಲುಕ್ಯ ಮನೆತನದ ಕೀರ್ತಿವರ್ಮ ದನಗಳ ಚಿಕಿತ್ಸೆಯ ಬಗ್ಗೆ ಕನ್ನಡದಲ್ಲೇ 'ಗೋವೈದ್ಯ' ಬರೆದ. ಅದನ್ನು ಆರಿಸಿಕೊಂಡ ಹುಡುಗ, ಹಸುವಿಗೆ ಹೊಟ್ಟೆ ಉಬ್ಬರಿಸಿದರೆ ಹಿಂದೆ ಏನು ಮಾಡುತ್ತಿದ್ದಿರಿ ಅಂತ ಅವನ ತಾತನನ್ನು ಕೇಳಿ ಎರಡು ಪುಟ ಬರೆದು ತಂದಿದ್ದಾನೆ. ಇನ್ನೊಬ್ಬಳು ದೇಶ ಸುತ್ತಿದ ಇಬ್ನ್ ಬತೂತನನ್ನು ಆರಿಸಿಕೊಂಡಳು. 1325ರಲ್ಲಿ, 21ನೇ ವಯಸ್ಸಿಗೆ, ಮೊರಾಕ್ಕೊದ ಟ್ಯಾಂಜಿಯರ್‌ನಿಂದ ಹೊರಟವನು ನಮ್ಮ ಹೊನ್ನಾವರಕ್ಕೂ ಬಂದಿದ್ದ. ಅಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆಗಳನ್ನು ಕಂಡೆ ಅಂತ ಹೇಳಿದ್ದಾನೆ. ಹಳೇ ಕ್ಯಾಲೆಂಡರಿನ ಹಿಂಭಾಗದಲ್ಲಿ ಈ ಹುಡುಗಿ 13 ಮನೆ, 23 ಮನೆ ಬಿಡಿಸಿದ್ದಾಳೆ. ಗೆರೆ ಸೊಟ್ಟ ಇದೆ, ಎರಡು ಕಡೆ ಹೊಡೆದುಹಾಕಿದ್ದಾಳೆ. ಆದರೆ ಹುಡುಗಿಯರ ಶಾಲೆಗಳಿಗೆಲ್ಲ ಬಾಗಿಲು ತೆರೆದಿರುವ ಹಾಗೆ ಬರೆದಿದ್ದಾಳೆ. ಅದು ಯಾವ ಸ್ಟೇಷನರಿ ಅಂಗಡಿಯಲ್ಲೂ ಸಿಗುವುದಿಲ್ಲ.

ನೀವು ಅಂಗಡಿಗೆ ಹೋಗಿದ್ದು ಮಗುವಿನ ಮೇಲಿನ ಪ್ರೀತಿಯಿಂದ ಅಂತ ನನಗೆ ಗೊತ್ತು. ಮಗು ತರಗತಿಯಲ್ಲಿ ಹಿಂದೆ ಬೀಳಬಾರದು ಅಂತ ತಿಂಗಳ ಕೊನೆಯಲ್ಲೂ ದುಡ್ಡು ಹೊಂದಿಸಿದ್ದೀರಿ. ಅದನ್ನು ನಾವು ಹಗುರವಾಗಿ ನೋಡುವುದಿಲ್ಲ. ಆ ಮಾಡೆಲ್‌ಗಳನ್ನು ಎಸೆಯಬೇಡಿ, ಮನೆಯಲ್ಲೇ ಇರಲಿ. ಶಾಲೆಗೆ ಮಾತ್ರ ಬೇಡ. ಚಿಕ್ಕದಾದರೂ ಬೇಡ, ಅರ್ಧ ಮಾತ್ರ ಅಂಗಡಿಯದು ಅಂದರೂ ಬೇಡ. ಈ ಒಂದು ವಿಷಯದಲ್ಲಿ ನಮ್ಮ ಜೊತೆ ನಿಲ್ಲಿ.

ಬುಧವಾರ ಮಗುವಿನ ಕೈಯಲ್ಲಿ ಒಂದು ತೆಂಗಿನ ಚಿಪ್ಪು ಕಳಿಸಿ, ಬೇರೇನೂ ಬೇಡ.

ನಿಮ್ಮ,
ಮುಖ್ಯ ಶಿಕ್ಷಕಿ