ಬಾಡಿಗೆ ಯಾರು ಕಟ್ಟುತ್ತಾರೆ, ಕೇಳಿದೆಯಾ?

ಧಾರವಾಡ

ತಂಗೀ, ಆಶೀರ್ವಾದ.

ಉಭಯ ಕುಶಲೋಪರಿ. ಪೂರ್ವ ಆಫ್ರಿಕಾದ ಕಲಾಕೇಂದ್ರಗಳಿಗೆ ಬರುವ ಹೊರದೇಶದ ಹಣದ ಬಗ್ಗೆ ನೈರೋಬಿಯಿಂದ ನೀನು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಮೊದಲ ಸಲ ಆರಾಮ ಕುರ್ಚಿಯಲ್ಲಿ ಒರಗಿ, ಎರಡನೆಯ ಸಲ ಪೆನ್ಸಿಲ್ ಹಿಡಿದು. ಗೋಡೆಗೆ ಚಿತ್ರ ಬರೆಯುವ ಹುಡುಗನ ಎಡಗಾಲಿನ ಬೂಟಿನ ಮೇಲಷ್ಟೇ ಬಣ್ಣದ ಹನಿ ಬಿದ್ದಿದ್ದನ್ನು ನೋಡಿದ್ದೀಯಲ್ಲ, ಆ ಸಾಲನ್ನು ಯಾವ ಸಂಪಾದಕ ಹೇಳಿದರೂ ತೆಗೆಯಬೇಡ. ಅದಾದ ಮೇಲೆ ಮಾತ್ರ ಪುಟಗಟ್ಟಲೆ ಬರೀ ‘ಹಬ್’ಗಳು, ಅಂದರೆ ಕಲಾವಿದರು ಸೇರುವ ಕೇಂದ್ರಗಳು. ಒಂದೊಂದು ಹಬ್ಬೂ ನಿನ್ನ ಕಣ್ಣಿಗೆ ಹಬ್ಬವಾಗಿ ಕಂಡಿದೆ! ‘ದನಿಯಿಲ್ಲದವರಿಗೆ ದನಿ’ ಅನ್ನುವುದು ನಾಲ್ಕು ಕಡೆ ಬಂದಿದೆ. ನಾಲ್ಕಕ್ಕೂ ಗೀಟು ಎಳೆದಿದ್ದೇನೆ. ಕೀನ್ಯಾದ ಮಂದಿಗೆ ದನಿ ಇಲ್ಲವೆಂದು ಯಾರು ಹೇಳಿದರು ನಿನಗೆ? 2025ರ ಏಪ್ರಿಲ್‌ನಲ್ಲಿ ನಕುರುವಿನ ನಾಟಕೋತ್ಸವದಲ್ಲಿ ಬುಟೆರೆ ಶಾಲೆಯ ಹುಡುಗಿಯರು ಏನು ಮಾಡಿದರು, ನೆನಪಿದೆಯಾ? ನಾಟಕಕ್ಕೆ ನೂರೆಂಟು ಅಡ್ಡಿ ಹಾಕಿದ್ದರಿಂದ, ರಾಷ್ಟ್ರಗೀತೆ ಹಾಡಿ, ನಾಟಕ ಆಡದೆ ನಡೆದುಬಿಟ್ಟರು. ಹೊರಗೆ ಪೊಲೀಸರು ಅಶ್ರುವಾಯು ಸಿಡಿಸುತ್ತಿದ್ದರು. ಆ ಮಕ್ಕಳು ಯಾವ ದಾನಿಯಿಂದ ದನಿಯನ್ನು ಕಡ ತಂದಿದ್ದರು?

‘ಕಲಾವಿದರ ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ಹೊರದೇಶದ ಹಣ ಬರುತ್ತಿರುವುದು ಹೊಸ ಬೆಳವಣಿಗೆ’ ಎಂದಿದ್ದೀಯ. ಅದು ನನಗಿಂತ ಏಳೆಂಟು ವರ್ಷ ಚಿಕ್ಕದು ಅಷ್ಟೆ. 1961ರಲ್ಲಿ ಉಗಾಂಡಾದ ಕಂಪಾಲಾದಲ್ಲಿ ರಜತ್ ನಿಯೋಗಿ ಎಂಬ ಇಪ್ಪತ್ತೆರಡರ ಹುಡುಗ, ಅಲ್ಲೇ ಹುಟ್ಟಿದ ಬಂಗಾಳಿ, ‘ಟ್ರಾನ್ಸಿಷನ್’ ಪತ್ರಿಕೆ ಶುರುಮಾಡಿದ. ಅದೇ ವರ್ಷ ನೈಜೀರಿಯಾದ ಇಬಾದಾನ್‌ನಲ್ಲಿ ಎಂಬಾರಿ ಕ್ಲಬ್ ಹುಟ್ಟಿತು. ಸೋಯಿಂಕಾ, ಅಚೆಬೆ, ಒಕಿಗ್ಬೊ ಮುಂತಾದ ಲೇಖಕರು ಸೇರುತ್ತಿದ್ದ ಜಾಗ. ಇವತ್ತಾಗಿದ್ದರೆ ಅದನ್ನೂ ಹಬ್ ಅನ್ನುತ್ತಿದ್ದರು. ಮರುವರ್ಷ ಕಂಪಾಲಾದ ಮಕೆರೆರೆ ಕಾಲೇಜಿನಲ್ಲಿ ಇಂಗ್ಲಿಷಿನಲ್ಲಿ ಬರೆಯುವ ಆಫ್ರಿಕನ್ ಲೇಖಕರ ಸಮ್ಮೇಳನ. ಮೂರಕ್ಕೂ ನೆರವು ಬಂದದ್ದು ಪ್ಯಾರಿಸ್ಸಿನಲ್ಲಿ ಕಚೇರಿಯಿದ್ದ ‘ಕಾಂಗ್ರೆಸ್ ಫಾರ್ ಕಲ್ಚರಲ್ ಫ್ರೀಡಂ’ನಿಂದ. ಅದರ ಹಿಂದೆ ಇದ್ದದ್ದು ಅಮೆರಿಕದ ಗೂಢಚಾರ ಸಂಸ್ಥೆ ಸಿಐಎ ಎಂಬುದು 1966–67ರಲ್ಲಿ ಬಯಲಾಯಿತು.

ಇಲ್ಲಿಗೆ ನಿಲ್ಲಿಸಿ ‘ನೋಡಿದಿರಾ, ಎಲ್ಲ ಪಿತೂರಿ’ ಎಂದು ಬರೆಯುವುದು ಸಲೀಸು. ಆದರೆ ಆ ಪತ್ರಿಕೆಯ ಹಳೆಯ ಸಂಚಿಕೆಗಳು ಸಿಕ್ಕರೆ ತಿರುವಿಹಾಕು. ಯಾರ ಮುಲಾಜೂ ಕಾಣುವುದಿಲ್ಲ. 1968ರಲ್ಲಿ ಅಲ್ಲಿಯ ಅಧ್ಯಕ್ಷ ಒಬೋಟೆಯ ಸರ್ಕಾರ ನಿಯೋಗಿಯನ್ನು ಜೈಲಿಗೆ ತಳ್ಳಿತು. ಉಗಾಂಡಾದ ಹೊಸ ಸಂವಿಧಾನವನ್ನು ಟೀಕಿಸಿ ಸಂಸದ ಅಬು ಮಯಾಂಜ ಬರೆದ ಪತ್ರವನ್ನು ಅಚ್ಚುಹಾಕಿದ್ದೇ ಅವನ ಅಪರಾಧ. ಹಣ ಮೈಲಿಗೆ, ಬರಹ ಮಡಿ. ಈ ಎರಡನ್ನೂ ಒಂದೇ ವಾಕ್ಯದಲ್ಲಿ ಹಿಡಿಯಲು ಕಲಿತರೆ ನಿನ್ನ ಲೇಖನಕ್ಕೆ ಬೆನ್ನೆಲುಬು ಬರುತ್ತದೆ. ಈಗ ಅದು ಬರೀ ಮೃದ್ವಂಗಿ. ಬೇಜಾರಾಗಬೇಡ.

ಇನ್ನೊಂದು ಕತೆಯನ್ನು ನಾನು ಸ್ವಲ್ಪ ಹತ್ತಿರದಿಂದ ಬಲ್ಲೆ. 80ರ ದಶಕದ ಮೊದಲಲ್ಲಿ ನಾನು ಕೀನ್ಯಾದಲ್ಲಿ ಗಣಿತದ ಮಾಸ್ತರನಾಗಿದ್ದದ್ದು ನಿನಗೆ ಗೊತ್ತು. ನೈರೋಬಿಯಿಂದ ಆಚೆ ಲಿಮುರು: ಚಹಾ ತೋಟ, ಬೆಳಗಿನ ಮಂಜು, ಬಾಟಾ ಕಾರ್ಖಾನೆ. ಅದರ ಮಗ್ಗುಲಿಗೆ ಕಮಿರೀಥು ಎಂಬ ಹಳ್ಳಿ. ನಾಲ್ಕು ಎಕರೆ ಜಾಗ, ಮಣ್ಣಿನ ಗೋಡೆಯ ನಾಲ್ಕು ಕೋಣೆ, ಅಷ್ಟೇ ಆಸ್ತಿ. 1976ರಲ್ಲಿ ದೊಡ್ಡವರಿಗೆ ಅಕ್ಷರ ಕಲಿಸಲು ಶುರುವಾದದ್ದು ನಾಟಕಕ್ಕೆ ಬಂದು ಮುಟ್ಟಿತು. ಕಾದಂಬರಿಕಾರ ಗೂಗಿ ವಾ ಥಿಯಾಂಗೊ ಮತ್ತು ಗೂಗಿ ವಾ ಮೀರೀ ಸೇರಿ ಗಿಕುಯು ಭಾಷೆಯಲ್ಲಿ ಬರೆದರು. ತಾಲೀಮು ಬಯಲಲ್ಲೇ. ನೋಡಲು ಬಂದ ಹಿರಿಯರು ‘ನಮ್ಮಲ್ಲಿ ಹಾಗೆ ಮಾತಾಡುವುದಿಲ್ಲ’ ಎಂದು ಮಾತು ತಿದ್ದುತ್ತಿದ್ದರು. ಎರಡು ಸಾವಿರ ಜನ ಕೂರುವ ಬಯಲು ರಂಗಮಂದಿರವನ್ನು ಕೂಲಿಗಳು, ರೈತರು, ಕಾರ್ಖಾನೆಯ ಕೆಲಸಗಾರರು ಕೈಯಾರೆ ಕಟ್ಟಿದರು. 1977ರ ಅಕ್ಟೋಬರಿನಲ್ಲಿ ಮೊದಲ ಪ್ರದರ್ಶನ, ನವೆಂಬರಿನಲ್ಲಿ ಪರವಾನಿಗೆ ರದ್ದು, ಡಿಸೆಂಬರ್ ಮುಗಿಯುವಷ್ಟರಲ್ಲಿ ಥಿಯಾಂಗೊ ಸೆರೆಮನೆಯಲ್ಲಿ. ಟಾಯ್ಲೆಟ್ ಕಾಗದದ ಮೇಲೆ ಕಾದಂಬರಿ ಬರೆದದ್ದು ಆಗಲೇ. 1982ರ ಮಾರ್ಚ್‌ನಲ್ಲಿ ಪೊಲೀಸರು ಬಂದು ರಂಗಮಂದಿರವನ್ನೇ ನೆಲಸಮ ಮಾಡಿ ಹೋದರು.

ಅದಾದ ಮುಂದಿನ ವರ್ಷ, ನಮ್ಮ ಶಾಲೆಯ ಮಾಸ್ತರನೊಬ್ಬ ಒಂದು ಭಾನುವಾರ ನನ್ನನ್ನು ಆ ಕಡೆ ಕರೆದುಕೊಂಡು ಹೋಗಿದ್ದ. ಅವನ ಸಂಬಂಧಿಕರೊಬ್ಬರ ಮನೆಯಲ್ಲಿ ಚಹಾ. ನಾನು ನಾಟಕದ ಮಾತೆತ್ತಿದಾಗಲೆಲ್ಲ ಮನೆಯ ಯಜಮಾನ ಮಳೆಯ ಮಾತಿಗೆ ಹೊರಳುತ್ತಿದ್ದ. ಹೊರಡುವಾಗ ಬಾಗಿಲ ತನಕ ಬಂದು, ಎಡ ಹೆಬ್ಬೆರಳಿನ ಬುಡದಲ್ಲಿದ್ದ ಉದ್ದನೆಯ ಗಾಯದ ಗುರುತು ತೋರಿಸಿ ‘ಬಿದಿರು’ ಅಂದ. ಮತ್ತೇನೂ ಹೇಳಲಿಲ್ಲ. ರಂಗದ ಹಿಂಬದಿಯ ಗೋಡೆ ಬಿದಿರಿನದು; ಸೀಳುವಾಗ ಕತ್ತಿ ಜಾರಿರಬೇಕು. ಆಗ ಇದನ್ನು ಬರೆಯಬೇಕೆಂದು ಕೈ ತುರಿಸುತ್ತಿತ್ತು. ಬರೆಯಲಿಲ್ಲ. ಲಿಮುರುವಿನಲ್ಲಿ ಹೆಬ್ಬೆರಳಿಗೆ ಗಾಯವಾದ ಮನುಷ್ಯನನ್ನು ಹುಡುಕುವುದು ಪೊಲೀಸರಿಗೆ ಎಷ್ಟು ಹೊತ್ತಿನ ಕೆಲಸ?

ಆದ್ದರಿಂದ ಒಂದು ಮಾತು. ನೀನು ಫೋಟೋ ಸಮೇತ ಹೆಸರು ಹಾಕಿರುವ ಆ ಕಂಪಾಲಾದ ಹುಡುಗಿಯ ವಿವರ ತೆಗೆ. ಕನ್ನಡದಲ್ಲಿ ಬರೆದದ್ದನ್ನು ಅಲ್ಲಿ ಯಾರು ಓದುತ್ತಾರೆ ಅನ್ನಬೇಡ. ಈಗ ಮೊಬೈಲೇ ಅನುವಾದ ಮಾಡಿಕೊಡುತ್ತದೆ. ಅಧ್ಯಕ್ಷರ ಮೇಲೆ ಕವಿತೆ ಬರೆದ ಸ್ಟೆಲ್ಲಾ ನ್ಯಾಂಜಿಗೆ 2019ರಲ್ಲಿ ಹದಿನೆಂಟು ತಿಂಗಳ ಶಿಕ್ಷೆ ಕೊಟ್ಟ ದೇಶ ಅದು. 2021ರಲ್ಲಿ ಒಂದೇ ಏಟಿಗೆ 54 ಸರ್ಕಾರೇತರ ಸಂಸ್ಥೆಗಳ ಬಾಗಿಲು ಹಾಕಿಸಿದ ಸರ್ಕಾರ. ಅಲ್ಲಿ ‘ಇವರಿಗೆ ಇಂಥ ದೇಶದ ಹಣ ಬರುತ್ತದೆ’ ಅನ್ನುವ ನಿನ್ನ ಹೊಗಳಿಕೆಯ ಸಾಲೇ ನಾಳೆ ದೂರಿನ ಸಾಲಾಗಬಹುದು.

ಹೊರಗಿನ ಹಣವೇ ಬೇಡ ಅಂತಲೂ ನಾನು ಹೇಳಲಾರೆ. ಊರವರೇ ಕಟ್ಟಿದ ಕಮಿರೀಥು ಉಳಿಯಲಿಲ್ಲವಲ್ಲ. ಕೀನ್ಯಾದ ಲೇಖಕ ಬಿನ್ಯಾವಂಗಾ ವೈನೈನಾ 2002ರಲ್ಲಿ, ಆಫ್ರಿಕನ್ ಲೇಖಕರ ಸಣ್ಣಕತೆಗೆ ಕೊಡುವ ಕೇನ್ ಪ್ರಶಸ್ತಿ ಗೆದ್ದು, ಮರುವರ್ಷ ಗೆಳೆಯರ ಜೊತೆ ನೈರೋಬಿಯಲ್ಲಿ ‘ಕ್ವಾನಿ?’ ಪತ್ರಿಕೆ ತಂದ. ಸ್ವಾಹಿಲಿಯಲ್ಲಿ ಆ ಪದಕ್ಕೆ ನಮ್ಮ ‘ಏನೀಗ?’ ಅನ್ನುವ ಧಾಟಿಯಿದೆ. ಬೆನ್ನಿಗೆ ಅಮೆರಿಕದ ಫೋರ್ಡ್ ಫೌಂಡೇಶನ್ ನೆರವಿತ್ತು. ಅದರಲ್ಲಿ ಬಂದ ಇವೊನ್ ಅಧಿಯಾಂಬೊ ಒವೂರ್ ಅವರ ಕತೆಗೆ 2003ರ ಕೇನ್ ಪ್ರಶಸ್ತಿ ಬಂತು. ಆ ಹಣವಿಲ್ಲದೆ ಆ ಕತೆ ಎಲ್ಲಿ ಅಚ್ಚಾಗುತ್ತಿತ್ತೋ! ಹೆಗ್ಗೋಡಿನ ನೀನಾಸಮ್‌ನವರ ‘ಜನಸ್ಪಂದನ’ ಯೋಜನೆಗೂ 80ರ ದಶಕದಲ್ಲಿ ಇದೇ ಫೋರ್ಡ್ ಹಣ ಬಂದಿತ್ತು. ರಜೆಗೆ ಊರಿಗೆ ಬಂದಾಗ ಈ ವಿಷಯಕ್ಕೆ ಗೆಳೆಯರ ಜೊತೆ ಜಗಳಾಡಿ, ಚಹಾದ ಬಿಲ್ಲನ್ನು ನಾನೇ ಕೊಟ್ಟು ಎದ್ದದ್ದು ಇನ್ನೂ ನೆನಪಿದೆ.

ಈಗ ನನ್ನದೊಂದು ತಪ್ಪು ಕೇಳು. ಹತ್ತು ಹನ್ನೆರಡು ವರ್ಷದ ಹಿಂದೆ ಯುವ ಕಲಾವಿದರಿಗೆ ಹಣ ಕೊಡುವ ಒಂದು ಸಮಿತಿಯಲ್ಲಿ ನನ್ನನ್ನೂ ಕೂರಿಸಿದ್ದರು. ಪೂರ್ವ ಆಫ್ರಿಕಾದಿಂದ ಬಂದ ಅರ್ಜಿಗಳ ಕಟ್ಟು ಎದುರಿಗೆ. ಎಲ್ಲವೂ ಒಬ್ಬನೇ ಬರೆದ ಹಾಗೆ: ‘ಯುವ ಸಬಲೀಕರಣ’, ‘ಸಾಮರ್ಥ್ಯ ವರ್ಧನೆ’. ನಡುವೆ ಒಂದೇ ಒಂದು ಅರ್ಜಿ, ಒಂದು ನಾಟಕ ತಂಡದ್ದು, ಒಂದೂವರೆ ಪುಟ. ಕೇಳಿದ್ದು ಒಂದು ಹಳೆಯ ಜನರೇಟರ್, ಆರು ತಿಂಗಳ ಬಾಡಿಗೆ. ‘ಸಲಕರಣೆಗೂ ಬಾಡಿಗೆಗೂ ನಮ್ಮಲ್ಲಿ ಅವಕಾಶವಿಲ್ಲ’ ಎಂದು ಬದಿಗಿಟ್ಟರು. ಅದಕ್ಕಿಂತ ಎಷ್ಟೋ ಹೆಚ್ಚು ಮೊತ್ತದ ಮೂರು ದಿನದ ಹೋಟೆಲ್ ಕಾರ್ಯಾಗಾರಕ್ಕೆ ಒಪ್ಪಿಗೆ ಬಿತ್ತು. ಆ ಕಾಗದಕ್ಕೆ ನಾನೂ ಸಹಿ ಮಾಡಿದೆ. ಊಟ ಚೆನ್ನಾಗಿತ್ತು ಅಂತ ಆಮೇಲೆ ವರದಿ ಬಂತು.

ಅವತ್ತಿನಿಂದ ಯಾವುದೇ ಕಲಾಕೇಂದ್ರದ ವಿಷಯ ಬಂದರೂ ನನ್ನ ಮೊದಲ ಪ್ರಶ್ನೆ ಒಂದೇ: ಬಾಡಿಗೆ ಯಾರು ಕಟ್ಟುತ್ತಾರೆ? ಕಾರ್ಯಕ್ರಮಕ್ಕೆ ಹಣ ಎಲ್ಲಿಂದಲೂ ಬರುತ್ತದೆ, ಬ್ಯಾನರ್ ಇರುತ್ತದಲ್ಲ. ಮಂಗಳವಾರ ಮಧ್ಯಾಹ್ನ ಬಾಗಿಲು ತೆರೆದು ಕೂರುವ ಮನುಷ್ಯನ ಸಂಬಳಕ್ಕೆ ಬ್ಯಾನರ್ ಇಲ್ಲ. ಅಮೆರಿಕದ ವಿದೇಶಿ ನೆರವಿನ ಸಂಸ್ಥೆ ಯುಎಸ್‌ಏಡ್ 2025ರ ಜುಲೈ 1ಕ್ಕೆ ಮುಚ್ಚಿತು. ನೀನು ಹೋದ ಕೇಂದ್ರಗಳಲ್ಲಿ ಯಾವುದಕ್ಕೆ ಅದರ ಬಿಸಿ ತಟ್ಟಿತು, ಯಾವುದಕ್ಕೆ ತಟ್ಟಲಿಲ್ಲ, ಒಂದಕ್ಷರವೂ ಇಲ್ಲ. ನೈರೋಬಿಯ ಹೇವಾ ಫಂಡ್ 2013ರಿಂದ ಕಲಾವಿದರಿಗೆ, ವಸ್ತ್ರ ವಿನ್ಯಾಸಕರಿಗೆ ಸಾಲವನ್ನೂ ಕೊಡುತ್ತಿದೆ. ಅದನ್ನು ಒಂದು ಸಾಲಿನಲ್ಲಿ ಹೊಗಳಿ ದಾಟಿದ್ದೀಯ. ಅಲ್ಲಿ ನಿಲ್ಲಬೇಕಿತ್ತು ನೀನು. ಕಂತು ಕಟ್ಟಬೇಕಾದವನು ಏನನ್ನು ಹಾಡುತ್ತಾನೆ, ಏನನ್ನು ಹಾಡದೆ ಬಿಡುತ್ತಾನೆ? ದಾನಿಯ ಮುಲಾಜು ಹೆಚ್ಚೋ ಗಿರಾಕಿಯ ಮುಲಾಜು ಹೆಚ್ಚೋ? ನನಗೆ ಉತ್ತರ ಗೊತ್ತಿದ್ದರೆ ಲೇಖನವನ್ನು ನಾನೇ ಬರೆಯುತ್ತಿದ್ದೆ.

ನಿರ್ದೇಶಕರ ಸಂದರ್ಶನಗಳು ಸಾಕು, ಅವರಿಗೆ ಮಾತು ಬಾಯಿಪಾಠವಾಗಿರುತ್ತದೆ. ಲೆಕ್ಕ ಬರೆಯುವವರ ಪಕ್ಕ ಅರ್ಧ ದಿನ ಕೂತು ಬಾ. ಯಾವ ರಸೀದಿ ಕಳೆದುಹೋಯಿತೆಂದು ಯಾವ ಕಂತು ತಡೆಹಿಡಿದರು, ಕರೆಂಟು ಹೋದಾಗ ತಾಲೀಮು ಎಲ್ಲಿ ನಡೆಯುತ್ತದೆ, ಪರವಾನಿಗೆ ಕೊಡುವ ಸಾಹೇಬರು ಮೊದಲು ಏನು ಕೇಳುತ್ತಾರೆ — ಇವೆಲ್ಲ ಅವರಿಗೆ ಗೊತ್ತು, ಇದುವರೆಗೆ ಅವರನ್ನು ಯಾರೂ ಕೇಳಿರುವುದಿಲ್ಲ. ಕಾರ್ಯಕ್ರಮ ಇಲ್ಲದ ದಿನವೇ ಹೋಗು. ಆ ಬೂಟಿನ ಹುಡುಗನನ್ನೂ ಕೇಳು, ಬಣ್ಣದ ಡಬ್ಬಿ ಯಾರ ದುಡ್ಡಿನದು ಅಂತ.

ಎರಡನೆಯ ಕರಡು ದೀಪಾವಳಿಯ ಒಳಗೆ ಕಳಿಸು. ಎಂಟು ಪುಟ ಐದಾದರೂ ಪರವಾಗಿಲ್ಲ. ಊರಿಗೆ ಬರುವಾಗ ಕೇತೆಪಾ ಚಹಾಪುಡಿ ಎರಡು ಪೊಟ್ಟಣ ತಾ. ಇಲ್ಲಿಯ ಚಹಾಕ್ಕೆ ಕಸುವೇ ಇಲ್ಲ ಅಂತ ನಿನ್ನ ಕಾಕು ನಲವತ್ತು ವರ್ಷದಿಂದ ನನ್ನನ್ನು ಬೈಯುತ್ತಿದ್ದಾಳೆ.

ನಿನ್ನ,
ಕಾಕಾ