ಚಪ್ಪಲಿಗೆ ಹೆಸರು, ಹದ ಮಾಡೋರಿಗೆ?

ಸಂಪಾದಕರೇ, 2025ರಲ್ಲಿ ಇಟಲಿಯ ಫ್ಯಾಷನ್ ಕಂಪನಿ ಪ್ರಾಡಾದವ್ರು ಮಿಲಾನ್ ಶೋನಲ್ಲಿ ಕೊಲ್ಹಾಪುರಿ ಥರದ್ದೇ ಚಪ್ಪಲಿನ ಅದರ ಹೆಸರೇ ಹೇಳದೆ ತೋರಿಸಿದಾಗ ಎಲ್ರೂ ಕೂಗಾಡಿದ್ರು, ಸರಿ. ಆದ್ರೆ ಕೊಲ್ಹಾಪುರಿ ಚಪ್ಪಲಿ ನಮ್ಮ ಅಥಣಿ, ನಿಪ್ಪಾಣಿ ಕಡೆನೂ ಆಗ್ತವೆ, ಅವುಗಳ ಜಿಐ ಟ್ಯಾಗ್‌ನಲ್ಲಿ (ಯಾವ ಊರಿನ ಸರಕು ಅಂತ ಹೇಳೋ ಸರ್ಕಾರಿ ಗುರುತು) ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರನೂ ಇವೆ ಅನ್ನೋದು ನಮ್ಮವರಿಗೇ ಗೊತ್ತಿಲ್ಲ! ಅದಿರ್ಲಿ, ಚಪ್ಪಲಿ ಹೊಲಿಯೋಕೂ ಮುಂಚೆ ಚರ್ಮ ಹದ ಮಾಡ್ಬೇಕಲ್ಲ, ಸುಣ್ಣದಲ್ಲಿ ನೆನೆಸಿ ಕೂದಲು ಕೆರೆದು, ತೊಗಲನ್ನ ಚೀಲದ ಹಾಗೆ ಹೊಲಿದು ಒಳಗೆ ಜಾಲಿ ತೊಗಟೆ, ಅಳಲೆಕಾಯಿ ನೀರು ತುಂಬಿ ನೇತುಹಾಕಿ, ಸೋರಿದ್ದನ್ನ ಮತ್ತೆ ಒಳಗೇ ಸುರಿದು, ಆಮೇಲೆ ಒಣಗಿಸಿ, ಬಡಿದು, ಎಣ್ಣೆ ಉಜ್ಜಿ... ಆ ವಾಸನೇಲಿ ದುಡಿಯೋರನ್ನ ಯಾರೂ ಕೇಳಲ್ಲ. ರಾಜ್ಯ ಸರ್ಕಾರದ ಚರ್ಮೋದ್ಯಮ ನಿಗಮ ಲಿಡ್ಕರ್‌ನವ್ರು ಬರೀ ಚಪ್ಪಲಿ ಮಾರಾಟ ನೋಡ್ದೆ ಇವರಿಗೂ ತೊಟ್ಟಿ, ನೀರು, ಶೆಡ್ಡು ಮಾಡಿಕೊಡ್ಲಿ.

– ಒಬ್ಬ ಓದುಗ, ಚಿಕ್ಕೋಡಿ