ಬೇಸಿಗೆಯ ಶಾಂತ ಕಡಲು: ಹವಾಮಾನ ಅಂಕಣದಲ್ಲಿ ಅಲೆಯ ಸೆಕೆಂಡೂ ಬರಲಿ

ಮಾನ್ಯ ಸಂಪಾದಕರೆ,

ಏಪ್ರಿಲ್‌ನಲ್ಲಿ ಶಾಲೆಗೆ ರಜೆ ಬಿತ್ತೆಂದರೆ ಹುಬ್ಬಳ್ಳಿ-ಧಾರವಾಡದ ಮಂದಿ ಅರಬೈಲ್ ಘಟ್ಟ ಇಳಿದು ಗೋಕರ್ಣ, ಕಾರವಾರದ ದಾರಿ ಹಿಡಿಯುತ್ತಾರೆ. ಗದಗಿನವರಿಗೂ ಅದೇ ದಾರಿ. ಹಾವೇರಿಯವರು ಶಿರಸಿ ಮೇಲಿಂದ ದೇವಿಮನೆ ಘಟ್ಟ ಇಳಿದು ಕುಮಟಾ ಸೇರುತ್ತಾರೆ. ಇಷ್ಟು ಜನ ಕಡಲಿಗೆ ಹೋಗುವ ತಿಂಗಳಲ್ಲಿ ನಮ್ಮ ಭಾಗದ ಪತ್ರಿಕೆಗಳ ಹವಾಮಾನ ಅಂಕಣದಲ್ಲಿ ಸಿಗುವುದು ಊರೂರಿನ ಗರಿಷ್ಠ-ಕನಿಷ್ಠ ಉಷ್ಣಾಂಶ, ಜೊತೆಗೆ ‘ಕರಾವಳಿಯಲ್ಲಿ ಒಣಹವೆ’ ಎಂಬ ಒಂದು ಸಾಲು. ಕಾರವಾರದಲ್ಲಿ 34 ಡಿಗ್ರಿ ಎಂದು ಓದಿದವರಿಗೆ ಬೆವರು ಎಷ್ಟು ಹರಿದೀತು ಅನ್ನುವುದು ತಿಳಿಯುತ್ತದೆ, ನೀರಿಗೆ ಇಳಿಯಬಹುದೋ ಇಲ್ಲವೋ ತಿಳಿಯುವುದಿಲ್ಲ. ಮಾರ್ಚ್ ನಡುವಿನಿಂದ ಮೇ ಕೊನೆಯವರೆಗೆ ನಾಲ್ಕು ಸಂಗತಿಗಳನ್ನು ಅಂಕಣಕ್ಕೆ ಸೇರಿಸಿ ಎಂದು ಕೇಳಿಕೊಳ್ಳಲು ಈ ಪತ್ರ: ದೂರದಿಂದ ಬರುವ ಅಲೆಯ, ಅಂದರೆ ಸ್ವೆಲ್‌ನ ಎತ್ತರ, ಒಂದು ಅಲೆಗೂ ಮುಂದಿನ ಅಲೆಗೂ ನಡುವಿನ ಸೆಕೆಂಡು, ಗಾಳಿಯ ದಿಕ್ಕು ಮತ್ತು ವೇಗ, ಉಬ್ಬರ-ಇಳಿತದ ಹೊತ್ತು.

ಈ ಹಂಗಾಮಿನಲ್ಲಿ ಉತ್ತರ ಕನ್ನಡದ ಕಡಲು ನಿಜಕ್ಕೂ ಸಣ್ಣದಾಗಿರುತ್ತದೆ. ಜೂನ್-ಜುಲೈನಲ್ಲಿ 3 ಮೀಟರ್ ದಾಟುವ ಅಲೆ ಏಪ್ರಿಲ್‌ನಲ್ಲಿ ಬಹುತೇಕ ದಿನ ಅರ್ಧ ಮೀಟರ್‌ನಿಂದ ಒಂದೂವರೆ ಮೀಟರ್ ಒಳಗೇ ಇರುತ್ತದೆ. ನೀರು ಸುಮಾರು 30 ಡಿಗ್ರಿ, ಬೆಳಿಗ್ಗೆ ಹೋದರೆ ಗಾಜಿನಂತೆ ನುಣುಪು. ‘ಸಮುದ್ರ ಎಷ್ಟ್ ಶಾಂತ ಐತಿ ನೋಡ್ರಿ’ ಎಂದು ದಂಡೆಯಲ್ಲಿ ನಿಂತವರು ಹೇಳುವುದರಲ್ಲಿ ತಪ್ಪಿಲ್ಲ. ಆದರೆ ಅವರು ನೋಡಿದ್ದು ಐದು ನಿಮಿಷದ ಕಡಲು.

ಮುನ್ಸೂಚನೆಗಳು ಕಡಲಿನ ಸ್ಥಿತಿಯನ್ನು ಹೇಳುವಾಗ ಬಳಸುವ ಮಾತುಗಳೂ ಎತ್ತರವನ್ನಷ್ಟೇ ಅಳೆಯುತ್ತವೆ. ಅಲೆ ಅರ್ಧ ಮೀಟರ್‌ನಿಂದ 1.25 ಮೀಟರ್‌ವರೆಗಿದ್ದರೆ ‘ಸ್ಲೈಟ್’, 2.5 ಮೀಟರ್‌ವರೆಗೆ ‘ಮಾಡರೇಟ್’, ಅಲ್ಲಿಂದ 4 ಮೀಟರ್‌ವರೆಗೆ ‘ರಫ್’. ದೋಣಿ ನಡೆಸುವವರಿಗೆ ಇದು ಸಾಕು. ಮೊಣಕಾಲು ನೀರಿನಲ್ಲಿ ಮಗುವಿನ ಕೈ ಹಿಡಿದು ನಿಂತವರಿಗೆ ಸಾಲದು. ಇನ್ನೊಂದು, ಮುನ್ಸೂಚನೆಯಲ್ಲಿ 1 ಮೀಟರ್ ಎಂದಿದ್ದರೆ ಅದು ಎಲ್ಲ ಅಲೆಗಳ ಪೈಕಿ ಅತಿ ದೊಡ್ಡದಾದ ಮೂರನೇ ಒಂದು ಪಾಲಿನ ಸರಾಸರಿ ಎತ್ತರ. ಆಗೊಮ್ಮೆ ಈಗೊಮ್ಮೆ ಅದರ ಸುಮಾರು ಎರಡು ಪಟ್ಟಿನ ಅಲೆಯೂ ಅದೇ ದಿನ, ಅದೇ ಜಾಗದಲ್ಲಿ ಬರುತ್ತದೆ.

ಸೆಕೆಂಡಿನ ಲೆಕ್ಕ ಯಾಕೆ ಬೇಕೆಂದರೆ, ಒಂದೇ ಎತ್ತರದ ಎರಡು ಅಲೆ ದಂಡೆಗೆ ಬಂದಾಗ ಒಂದೇ ಆಗಿ ಉಳಿಯುವುದಿಲ್ಲ. ಹತ್ತಿರದ ಗಾಳಿ ಎಬ್ಬಿಸಿದ ಅಲೆ ಆರು ಸೆಕೆಂಡಿಗೊಂದು ಬರುತ್ತದೆ. ಅದರ ಉದ್ದ ಆಳ ನೀರಿನಲ್ಲಿ ಸುಮಾರು 56 ಮೀಟರ್. ಸಾವಿರಾರು ಕಿಲೋಮೀಟರ್ ದೂರದ ಬಿರುಗಾಳಿ ಕಳಿಸಿದ ಅಲೆ 16ರಿಂದ 18 ಸೆಕೆಂಡಿಗೊಂದು. ಉದ್ದ 400ರಿಂದ 500 ಮೀಟರ್. ಆಳ ನೀರಿನಲ್ಲಿ 1 ಮೀಟರ್ ಎತ್ತರವಿದ್ದ ಆರು ಸೆಕೆಂಡಿನ ಅಲೆ ಮರಳು ತೀರದಲ್ಲಿ ಒಡೆಯುವಾಗ ಸುಮಾರು ಒಂದೂಕಾಲು ಮೀಟರ್ ಆಗುತ್ತದೆ. ಅದೇ 1 ಮೀಟರ್‌ನ 18 ಸೆಕೆಂಡಿನ ಅಲೆ ಹೆಚ್ಚು ಕಡಿಮೆ 2 ಮೀಟರ್‌ಗೆ ಏಳುತ್ತದೆ, ಹೊತ್ತು ತರುವ ಶಕ್ತಿಯೂ ಮೂರು ಪಟ್ಟು. ಒಡೆದ ನೀರು ಮರಳಿನ ಮೇಲೆ ಏರುವ ದೂರವೂ ಬೇರೆ. ಚಪ್ಪಲಿ, ಬುತ್ತಿಗಂಟು ಇಟ್ಟ ಒಣ ಮರಳಿಗೆ ಒಮ್ಮೆಲೇ ನೀರು ನುಗ್ಗುವುದು ಇಂಥ ಅಲೆಯಲ್ಲಿ.

ಕೇರಳದ ಮೀನುಗಾರರು ಇದನ್ನು ಕಳ್ಳಕ್ಕಡಲ್ ಎನ್ನುತ್ತಾರೆ. 2012ರಲ್ಲಿ ಯುನೆಸ್ಕೊ ಕೂಡ ಆ ಹೆಸರನ್ನೇ ಒಪ್ಪಿಕೊಂಡಿತು. ಇದು ನಮ್ಮ ಕರಾವಳಿಗೆ ಹೊರತಾದುದಲ್ಲ. ಏಪ್ರಿಲ್-ಮೇ ತಿಂಗಳಲ್ಲಿ ಭೂಮಿಯ ದಕ್ಷಿಣಾರ್ಧಕ್ಕೆ ಚಳಿಗಾಲ ಹತ್ತಿರವಾಗುತ್ತ ಅಲ್ಲಿಯ ಮಹಾಸಾಗರದಲ್ಲಿ ಬಿರುಗಾಳಿಗಳು ಬಲಿಯುತ್ತವೆ. ಅಲ್ಲಿಂದ ಹೊರಟ 18 ಸೆಕೆಂಡಿನ ಅಲೆಗಳ ಗುಂಪು ತಾಸಿಗೆ ಸುಮಾರು 50 ಕಿ.ಮೀ. ಸಾಗುತ್ತದೆ, ದಿನಕ್ಕೆ 1,200 ಕಿ.ಮೀ. ಆರೂವರೆ ಸಾವಿರ ಕಿಲೋಮೀಟರ್ ದಾಟಿ ಗೋಕರ್ಣದ ದಂಡೆ ಮುಟ್ಟಲು ಐದೂವರೆ ದಿನ. ಅಲ್ಲಿ ಬಿರುಗಾಳಿ ಎದ್ದ ಹೊತ್ತಿನಲ್ಲಿ ಇಲ್ಲಿ ಬಿಸಿಲು, ನೀಲಿ ಆಕಾಶ, ಎಲೆ ಅಲುಗದ ಬೆಳಗು. ಸ್ಥಳೀಯ ಹವೆಯನ್ನು ನೋಡಿ ಯಾರೂ ಇದನ್ನು ಊಹಿಸಲಾರರು. ಆದರೆ ಐದು ದಿನ ಮುಂಚೆ ಗೊತ್ತಾಗುವ ಸಂಗತಿಯನ್ನು ಅಚ್ಚು ಹಾಕಲು ದಿನಪತ್ರಿಕೆಗೆ ಧಾರಾಳ ಸಮಯವಿದೆ.

ಅಂಕಣದ ಮೇಜಿನಲ್ಲಿ ಕುಳಿತವರು ಮುಖ್ಯವಾಗಿ ಗಮನಿಸಬೇಕಾದ್ದು ಒಂದಿದೆ. ಉದ್ದದ ಅಲೆ ವೇಗವಾಗಿ ಸಾಗುವುದರಿಂದ ಅದೇ ಮೊದಲು ಬರುತ್ತದೆ, ಎತ್ತರ ಆಮೇಲೆ. ಮುನ್ಸೂಚನೆಯ ಪಟ್ಟಿಯಲ್ಲಿ ಎತ್ತರ 0.7 ಮೀಟರ್‌ನಲ್ಲೇ ನಿಂತಿರುವಾಗ ಸೆಕೆಂಡು ಮಾತ್ರ 9ರಿಂದ 18-20ಕ್ಕೆ ಜಿಗಿದರೆ ಅದೇ ಸೂಚನೆ. ಮುಂದಿನ ಒಂದೆರಡು ದಿನ ನೈರುತ್ಯದಿಂದ ಅಲೆ ದೊಡ್ಡದಾಗುತ್ತದೆ. ಎತ್ತರವನ್ನಷ್ಟೇ ನೋಡುವವರು ‘ಬದಲಾವಣೆ ಇಲ್ಲ’ ಎಂದು ಬರೆದುಬಿಡುವುದು ಈ ದಿನವೇ.

ಇಂಥ ಅಲೆಗಳು ಗುಂಪಾಗಿ ಬರುತ್ತವೆ. ನಾಲ್ಕಾರು ದೊಡ್ಡವು ಒಂದರ ಹಿಂದೊಂದು ಬಂದುಹೋದ ಮೇಲೆ ಹತ್ತು-ಹದಿನೈದು ನಿಮಿಷ ಏನೂ ಇರುವುದಿಲ್ಲ. ಬಸ್ಸಿನಿಂದ ಇಳಿದವರು ಆ ಖಾಲಿ ಹೊತ್ತಿನಲ್ಲಿ ದಂಡೆಗೆ ಬಂದರೆ ಕಡಲು ಕೆರೆಯಂತೆ ಕಾಣುತ್ತದೆ. ಎದೆಮಟ್ಟದ ನೀರಿಗೆ ಹೋದ ಮೇಲೆ ಗುಂಪು ಬರುತ್ತದೆ. ಆದ್ದರಿಂದ ಕನಿಷ್ಠ ಇಪ್ಪತ್ತು ನಿಮಿಷ ಒಣ ಮರಳಿನಲ್ಲಿ ನಿಂತು ನೋಡಬೇಕು, ಅತಿ ದೊಡ್ಡ ಅಲೆ ಎಲ್ಲಿಯವರೆಗೆ ಮರಳು ಒದ್ದೆ ಮಾಡಿದೆ ಅನ್ನುವುದನ್ನು ಗುರುತಿಸಬೇಕು. ಓಂ ಕಡಲತೀರದ ನಡುವಿನ ಬಂಡೆಯಂಥ ಜಾಗದಲ್ಲಿ ಒದ್ದೆ ಬಂಡೆಯೆಂದರೆ ಅಲೆ ಬಂದುಹೋದ ಬಂಡೆ. ಫೋಟೊಕ್ಕೆ ಅಲ್ಲಿ ನಿಲ್ಲಬಾರದು.

2024ರ ಮೇ 6ರಂದು ಕನ್ಯಾಕುಮಾರಿ ಜಿಲ್ಲೆಯ ಕಡಲತೀರದಲ್ಲಿ ಐವರು ವೈದ್ಯಕೀಯ ವಿದ್ಯಾರ್ಥಿಗಳು ನೀರುಪಾಲಾದರು. ಹೈದರಾಬಾದಿನ ಇಂಕಾಯ್ಸ್, ಅಂದರೆ ಕೇಂದ್ರದ ಸಾಗರ ಮಾಹಿತಿ ಸೇವೆಗಳ ಸಂಸ್ಥೆ, ಅಲೆ ಉಕ್ಕುವ ಎಚ್ಚರಿಕೆಯನ್ನು ಮೊದಲೇ ಕೊಟ್ಟಿತ್ತು. ಎಚ್ಚರಿಕೆ ಹೊರಡುವುದು ಒಂದು, ಪ್ರವಾಸಕ್ಕೆ ಹೊರಟವರ ಕೈಗೆ ಅದು ಸಿಗುವುದು ಇನ್ನೊಂದು. ನಮ್ಮಲ್ಲಿಯೇ 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರಕ್ಕೆ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ತೀರಿಕೊಂಡರು. ಅದೂ ಮಳೆಗಾಲವಲ್ಲ.

ಸೆಳೆತದ ಬಗ್ಗೆ ಒಂದು ತಿಳಿವಳಿಕೆ ತಲೆಕೆಳಗಾಗಿ ಹಬ್ಬಿದೆ. ನೊರೆ ಇರುವಲ್ಲಿ ಅಪಾಯ, ನೊರೆ ಇಲ್ಲದಲ್ಲಿ ಸುರಕ್ಷಿತ ಎಂದು ಮಕ್ಕಳನ್ನು ನಯವಾದ ನೀರಿನ ಕಡೆಗೆ ಕರೆದೊಯ್ಯುತ್ತಾರೆ. ಅಲೆ ಒಡೆದು ದಂಡೆಗೆ ಏರಿದ ನೀರು ವಾಪಸು ಹೋಗಲೇಬೇಕು. ಮರಳುದಿಬ್ಬಗಳ ನಡುವೆ ಆಳವಾದ ಕಾಲುವೆ ಸಿಕ್ಕರೆ ಅಲ್ಲಿಂದಲೇ ಹೋಗುತ್ತದೆ. ಆಳವಿರುವ ಕಾರಣ ಅಲ್ಲಿ ಅಲೆ ಒಡೆಯುವುದಿಲ್ಲ, ನೊರೆಯೂ ಇಲ್ಲ. ಎರಡು ಬಿಳಿ ಪಟ್ಟಿಗಳ ನಡುವೆ ಹತ್ತರಿಂದ ಮೂವತ್ತು ಮೀಟರ್ ಅಗಲದ ಕಪ್ಪು ಪಟ್ಟಿ, ಒಳಗೆ ಮರಳು ಕದಡಿದ ಬಣ್ಣ, ನೊರೆಯ ತುಣುಕು ಅಥವಾ ತೆಂಗಿನ ಸಿಪ್ಪೆ ದಂಡೆಗೆ ಬರದೆ ಆಚೆ ಸಾಗುತ್ತಿರುವುದು ಕಂಡರೆ ಅದೇ ಸೆಳೆತ. ಬಂಡೆಯ ಬುಡದಲ್ಲಿ ಇದು ಹೆಚ್ಚು ಕಡಿಮೆ ಕಾಯಂ. ಸಾಮಾನ್ಯ ದಿನ ಸೆಕೆಂಡಿಗೆ ಅರ್ಧ ಮೀಟರ್ ಹರಿಯುತ್ತದೆ. ದೊಡ್ಡ ಅಲೆಗಳ ಗುಂಪು ಬಂದಾಗ 2 ಮೀಟರ್ ತಲುಪಬಹುದು, ಅದರ ಎದುರು ಒಲಿಂಪಿಕ್ ಈಜುಗಾರನೂ ನಿಲ್ಲಲಾರ. ಬಾವಿ, ಕೆರೆ, ಈಜುಕೊಳದಲ್ಲಿ ಕಲಿತವರು ನೇರ ದಂಡೆಯ ಕಡೆಗೇ ಕೈ ಬಡಿಯುತ್ತಾರೆ, ಎರಡು ನಿಮಿಷದಲ್ಲಿ ಸೋಲುತ್ತಾರೆ. ಸೆಳೆತ ಕೆಳಗೆ ಎಳೆಯುವುದಿಲ್ಲ, ಆಚೆ ಒಯ್ಯುತ್ತದೆ. ಅಂಗಾತ ತೇಲಿ, ಒಂದು ಕೈ ಎತ್ತಿ, ಉಸಿರು ಉಳಿಸಿಕೊಂಡು ದಂಡೆಗೆ ಸಮಾನಾಂತರವಾಗಿ ನೊರೆಯಿರುವ ಕಡೆ ಸರಿಯಬೇಕು. ಅಲ್ಲಿಂದ ಅಲೆಗಳೇ ದಂಡೆಗೆ ತಳ್ಳುತ್ತವೆ.

ಉಳಿಸಲು ಹಾರಿದವರೂ ಮುಳುಗುವುದು ಪದೇ ಪದೇ ಆಗುತ್ತಿದೆ. ಟೆಂಪೊ ಮಾಡಿಕೊಂಡು ಹೋಗುವ ಪ್ರತಿ ತಂಡದ ಬಳಿಯೂ 20 ಲೀಟರ್ ನೀರಿನ ಕ್ಯಾನ್ ಇರುತ್ತದೆ. ಖಾಲಿ ಮಾಡಿ ಮುಚ್ಚಳ ಬಿಗಿ ಹಾಕಿ ಎಸೆದರೆ ದೊಡ್ಡ ಆಳನ್ನೂ ತಲೆ ಮೇಲಿರುವಂತೆ ಹಿಡಿದು ನಿಲ್ಲಿಸುತ್ತದೆ. ಹಿಡಿಕೆಗೆ 20 ಮೀಟರ್ ಹಗ್ಗ ಕಟ್ಟಿಟ್ಟುಕೊಂಡರೆ ಇನ್ನೂ ಒಳ್ಳೆಯದು.

ಉಬ್ಬರ-ಇಳಿತಕ್ಕೆ ಪಂಚಾಂಗವೇ ಅರ್ಧ ಉತ್ತರ ಕೊಡುತ್ತದೆ. ಕಾರವಾರ ಕಡೆಗೆ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ದಿನ ದಿನಕ್ಕೆ ಸುಮಾರು 50 ನಿಮಿಷ ತಡ. ಅಮಾವಾಸ್ಯೆ, ಹುಣ್ಣಿಮೆ ಕಳೆದ ಒಂದೆರಡು ದಿನ ವ್ಯತ್ಯಾಸ ಅತಿ ಹೆಚ್ಚು, ಒಂದೂವರೆ ಮೀಟರ್‌ಗೂ ಮೇಲೆ. ಆ ದಿನಗಳಲ್ಲಿ ಉಬ್ಬರ ನಡುಹಗಲಿನ ಆಸುಪಾಸು ಬಂದು ನೀರು ಸಂಜೆಯವರೆಗೆ ಇಳಿಯುತ್ತದೆ. ನಮ್ಮ ಮಂದಿ ಊಟ ಮುಗಿಸಿ, ಬಿಸಿಲು ತಗ್ಗಲಿ ಎಂದು ಕಾದು ನೀರಿಗೆ ಇಳಿಯುವುದು ಸರಿಯಾಗಿ ಮೂರರಿಂದ ಆರು. ಸೆಳೆತ ಜೋರಾಗುವುದೂ ನೀರು ಇಳಿಯುವಾಗಲೇ. ಗಂಗಾವಳಿ, ಅಘನಾಶಿನಿ, ಶರಾವತಿ, ಕಾಳಿ ನದಿಗಳ ಅಳಿವೆಯಲ್ಲಂತೂ ಇಳಿತದ ಹೊತ್ತಿಗೆ ನದಿಯ ನೀರು, ಉಬ್ಬರದಲ್ಲಿ ಒಳಗೆ ಬಂದ ನೀರು ಎರಡೂ ಸೇರಿ ಹೊರಡುತ್ತವೆ. ಅಳಿವೆಯಲ್ಲಿ ಯಾವ ತಿಂಗಳೂ ಸ್ನಾನ ಬೇಡ.

ಗಾಳಿಯದು ಸರಳ. ಬೆಳಿಗ್ಗೆ ಒಂಬತ್ತು-ಹತ್ತರವರೆಗೆ ನೆಲದಿಂದ ಕಡಲಿಗೆ ಬೀಸುವ ಸಣ್ಣ ಗಾಳಿ, ಮಧ್ಯಾಹ್ನದಿಂದ ವಾಯವ್ಯ ದಿಕ್ಕಿನ ಕಡಲಗಾಳಿ ತಾಸಿಗೆ 15-25 ಕಿ.ಮೀ. ಬೆಳಗಿನ ಗಾಳಿ ನೀರನ್ನು ನುಣುಪಾಗಿಡುತ್ತದೆ, ಜೊತೆಗೆ ಗಾಳಿ ತುಂಬಿದ ಟ್ಯೂಬು, ಆಟದ ದೋಣಿಗಳನ್ನು ಸದ್ದಿಲ್ಲದೆ ಆಚೆಗೆ ಒಯ್ಯುತ್ತದೆ. ಮಗುವನ್ನು ಟ್ಯೂಬಿನಲ್ಲಿ ಕೂರಿಸಿದರೆ ಅದಕ್ಕೆ ಕಟ್ಟಿದ ಹಗ್ಗದ ಇನ್ನೊಂದು ತುದಿ ದೊಡ್ಡವರ ಕೈಯಲ್ಲಿರಬೇಕು. ಲಾರಿ ಟ್ಯೂಬಾದರೂ ಅಷ್ಟೇ.

ಗೋಕರ್ಣ, ಮೂಲ್ಕಿಗೆ ಸರ್ಫಿಂಗ್ ಕಲಿಯಲು ಹೋಗುವ ಕಾಲೇಜು ಹುಡುಗ-ಹುಡುಗಿಯರಿಗೆ ಈ ಸಣ್ಣ ಕಡಲೇ ಪಾಠಶಾಲೆ. ಎತ್ತರ 0.5ರಿಂದ 0.8 ಮೀಟರ್, 8ರಿಂದ 12 ಸೆಕೆಂಡು, ಗಾಳಿ ಏಳುವ ಮೊದಲಿನ ಬೆಳಗು, ನೀರು ಅರ್ಧ ಏರಿದ ಹೊತ್ತು: ಇಷ್ಟು ಕೂಡಿಬಂದರೆ 8-9 ಅಡಿಯ ಮೆದು ಫೋಮ್ ಹಲಗೆಯಲ್ಲಿ ಕಲಿಯಲು ಸಾಕು. ಪೂರ್ತಿ ಇಳಿತದಲ್ಲಿ ಅಲೆ ಉದ್ದಕ್ಕೂ ಒಮ್ಮೆಲೇ ಕವುಚಿ ಹಲಗೆಯ ಮೂತಿ ನೆಲಕ್ಕೆ ಚುಚ್ಚುತ್ತದೆ. ತುಂಬು ಉಬ್ಬರದಲ್ಲಿ ಕಡಿದಾದ ದಂಡೆಯ ಮೇಲೇ ಅಲೆ ಒಡೆಯುತ್ತದೆ. ಕಾಲಿಗೆ ಕಟ್ಟುವ ಲೀಶ್‌ನ ವೆಲ್ಕ್ರೊ ಸವೆದಿದೆಯೇ, ಹಲಗೆಗೆ ಕಟ್ಟಿದ ದಾರ ಹರಿದಿದೆಯೇ ಎಂದು ಹಲಗೆಯನ್ನು ಬಾಡಿಗೆಗೆ ಪಡೆಯುವ ಮೊದಲು ನೋಡಿ. 15 ಸೆಕೆಂಡು ದಾಟಿದ ದಿನ ಹೊಸಬರು ದಂಡೆಯಲ್ಲೇ ಕುಳಿತು ನೋಡಿ ಕಲಿಯಲಿ.

ಭರಣಿ ಮಳೆಯಿಂದ ಮುಂದೆ ಸಂಜೆ ಗುಡುಗು-ಸಿಡಿಲಿನ ಮಳೆ ಘಟ್ಟದ ಮೇಲಿಂದ ಕರಾವಳಿಗೂ ಇಳಿಯಬಹುದು. ಮಿಂಚಿಗೂ ಗುಡುಗಿಗೂ ನಡುವೆ 30 ಸೆಕೆಂಡು ಎಂದರೆ ಸಿಡಿಲು 10 ಕಿ.ಮೀ. ದೂರ, ಅಷ್ಟಾದರೆ ನೀರು ಬಿಟ್ಟು ಕಟ್ಟಡ ಅಥವಾ ವಾಹನ ಸೇರಬೇಕು, ಕೊನೆಯ ಗುಡುಗಿನಿಂದ ಅರ್ಧ ತಾಸು ಕಾಯಬೇಕು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’ ಆ್ಯಪ್ ಸುತ್ತಲಿನ ಸಿಡಿಲನ್ನು ತೋರಿಸುತ್ತದೆ. ಮುಂಗಾರಿನ ತಾರೀಖನ್ನು ನಂಬಿ ಮೇ ಕೊನೆಯ ವಾರಕ್ಕೆ ಪ್ರವಾಸ ಇಟ್ಟುಕೊಳ್ಳುವವರಿಗೆ ಒಂದು ಮಾತು: ಕೇರಳಕ್ಕೆ ವಾಡಿಕೆಯ ದಿನ ಜೂನ್ 1 ಆದರೂ 2025ರಲ್ಲಿ ಅದು ಮೇ 24ಕ್ಕೇ ಬಂತು. 2021ರ ಮೇ ಮಧ್ಯದಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯ ಪಕ್ಕದಲ್ಲೇ ಹಾದುಹೋಯಿತು.

ಈಗ ಅಂಕಣದ ಮಾದರಿ. ಹೀಗೆ ಎರಡು ಸಾಲು ಸಾಕು: ‘ಗೋಕರ್ಣ, ಶನಿವಾರ: ಅಲೆ 0.9 ಮೀ., 17 ಸೆಕೆಂಡು, ನೈರುತ್ಯದಿಂದ. ಗಾಳಿ ಬೆಳಿಗ್ಗೆ ಪೂರ್ವ 8 ಕಿ.ಮೀ., ಮಧ್ಯಾಹ್ನ ವಾಯವ್ಯ 22 ಕಿ.ಮೀ. ಉಬ್ಬರ 11.40, ಇಳಿತ ಸಂಜೆ 5.50. ನೀರಿಗೆ ಇಳಿಯಬೇಡಿ.’ ಕೊನೆಯ ಮಾತು ಸೆಕೆಂಡಿನ ಮೇಲೆ ನಿಂತಿದೆ, ಅದೇ 0.9 ಮೀಟರ್ 8 ಸೆಕೆಂಡಿನದಾಗಿದ್ದರೆ ‘ಜೀವರಕ್ಷಕರಿರುವಲ್ಲಿ, ಸೊಂಟಮಟ್ಟ’ ಎಂದು ಬರೆಯಬಹುದಿತ್ತು. ಅಂಕಿಗಳನ್ನು ಎಲ್ಲಿಂದಲೋ ಹುಡುಕಬೇಕಿಲ್ಲ. ಇಂಕಾಯ್ಸ್‌ನ ಜಾಲತಾಣದಲ್ಲಿ, ‘ಸಮುದ್ರ’ ಆ್ಯಪ್‌ನಲ್ಲಿ ಮುಂದಿನ ದಿನಗಳ ಮುನ್ಸೂಚನೆ ಉಚಿತವಾಗಿ ಸಿಗುತ್ತದೆ. ಶುಕ್ರವಾರ ಮಧ್ಯಾಹ್ನ ತೆಗೆದು ಶನಿವಾರದ ಸಂಚಿಕೆಗೆ ಹಾಕಿದರೆ ವಾರಾಂತ್ಯಕ್ಕೆ ಹೊರಡುವವರಿಗೆ ಮುಟ್ಟುತ್ತದೆ. ಕಾರವಾರ, ಗೋಕರ್ಣ, ಮುರುಡೇಶ್ವರ ಮೂರು ಊರಿನದು ಸಾಕು. ಕಾರವಾರದ ಟ್ಯಾಗೋರ್ ಕಡಲತೀರಕ್ಕೆ ಮುಂದಿನ ದ್ವೀಪ, ಗುಡ್ಡಗಳ ಮರೆಯಿದೆ, ಗೋಕರ್ಣದ ಮುಖ್ಯ ತೀರ ಬಯಲಾಗಿ ತೆರೆದಿದೆ. ಒಂದರ ಅಂಕಿ ಇನ್ನೊಂದಕ್ಕೆ ಹೊಂದುವುದಿಲ್ಲ. ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯವರು ಒಪ್ಪಿದರೆ ಅದೇ ಸಾಲುಗಳನ್ನು ಹುಬ್ಬಳ್ಳಿ ಗೋಕುಲ ರಸ್ತೆಯ ಬಸ್ ನಿಲ್ದಾಣದ ಫಲಕದಲ್ಲೂ ಬರೆಯಬಹುದು.

ಅಂಕಣದ ಬುಡದಲ್ಲಿ ಮೂರು ಸಂಖ್ಯೆ ಕಾಯಂ ಇರಲಿ: ತುರ್ತು ಕರೆ 112, ಕರಾವಳಿ ಕಾವಲು ಪೊಲೀಸ್ 1093, ಕೋಸ್ಟ್ ಗಾರ್ಡ್ 1554.

ಇಂತಿ,
ಕಡಲ ಹವಾಮಾನ ಗಮನಿಸುವ ಕೆಲವು ಓದುಗರು,
ವಿದ್ಯಾನಗರ, ಹುಬ್ಬಳ್ಳಿ